ಬಾವಿಗೆ ಇಳಿಸಿದ ಕನ್ನಡಿ

ಕಣ್ಣಿಗೆ ಕಾಣದ ಬೆಳಕಿನ ಬೆನ್ನು ಹತ್ತಿದವಳು ನಾನು. ಹೀಗೆಂದರೆ ಜನ ನನ್ನನ್ನು ಯಾವುದೋ ಆಶ್ರಮದವಳು ಅಂದುಕೊಳ್ಳುತ್ತಾರೆ, ಆದ್ದರಿಂದ ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಲೇಸರ್ ಯಂತ್ರಗಳಲ್ಲಿ ಒಂದು ಜಾತಿಯದು ಕೆಂಪಿಗೂ ಆಚೆಯ ಬೆಳಕನ್ನು ಕೊಡುತ್ತದೆ. ಪುಸ್ತಕದಲ್ಲಿ ಅದಕ್ಕೆ ಅವಕೆಂಪು ಅನ್ನುತ್ತಾರೆ. ಆ ಬೆಳಕನ್ನು ಬಯಲಲ್ಲಿ ದೂರಕ್ಕೆ ಕಳಿಸಿ, ಅಲ್ಲೊಂದು ಕನ್ನಡಿ ಇಟ್ಟು, ವಾಪಸು ಬಂದದ್ದೆಷ್ಟು ಎಂದು ಅಳೆಯಬೇಕು. ಹೋದಷ್ಟೂ ಬರುವುದಿಲ್ಲ. ದಾರಿಯಲ್ಲಿ ನೀರಾವಿ ಒಂದಿಷ್ಟು ನುಂಗುತ್ತದೆ, ಕಾರ್ಬನ್ ಡೈಆಕ್ಸೈಡ್ ಒಂದಿಷ್ಟು ನುಂಗುತ್ತದೆ, ಕುರಿ ಮಂದೆ ನಿಂತ ಜಾಗವಾದರೆ ಗಂಜಲದಿಂದೆದ್ದ ಅಮೋನಿಯಾ ತನ್ನ ಪಾಲು ತೆಗೆದುಕೊಳ್ಳುತ್ತದೆ. ಯಾರು ಎಷ್ಟು ನುಂಗಿದರು ಎಂದು ಪತ್ತೆ ಹಚ್ಚುವುದೇ ನನ್ನ ಸಂಶೋಧನೆಯಾಗಿತ್ತು. ಎಂಬತ್ತರ ದಶಕದ ಶುರು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆಯೊಳಗೆ ಇದನ್ನೇ ಮಾಡಿ ಮಾಡಿ ನಾನು ಎಲ್ಲರ ಮೇಲೂ ರೇಗತೊಡಗಿದ್ದೆ. ನಮ್ಮ ಗುರುಗಳು ನನ್ನ ಕಾಟ ತಡೆಯಲಾರದೆ, "ಹೊರಗೆ ಹೋಗಮ್ಮ, ನಿಜವಾದ ಗಾಳಿಯಲ್ಲಿ ಅಳೆದುಕೊಂಡು ಬಾ" ಎಂದು ಕಳಿಸಿಕೊಟ್ಟರು.

ಹೊನ್ನವಳ್ಳಿಯಿಂದ ಸ್ವಲ್ಪ ಒಳಕ್ಕೆ ಹೋದರೆ ಸಿಗುವ ಒಂದು ತೆಂಗಿನ ತೋಟ ನಮಗೆ ಸಿಕ್ಕಿತು. ಒಂದು ಕಡೆ ನೀರುಂಡ ತೋಟ, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿಯ ಗುಡ್ಡಗಳ ತನಕ ಒಣಗಿದ ರಾಗಿ ಹೊಲ. ಹಸಿ ಗಾಳಿ, ಒಣ ಗಾಳಿ ಎರಡೂ ಒಂದೇ ಕಡೆ. ನನ್ನ ಜೊತೆ ಬಂದವನು ನಮ್ಮ ಸಂಸ್ಥೆಯ ಟೆಕ್ನಿಷಿಯನ್. ಆಳು ಎಂದರೆ ಬಾಗಿಲು ತುಂಬುವಂಥವನು. ಜನರೇಟರನ್ನು ಒಬ್ಬನೇ ವ್ಯಾನಿನಿಂದ ಇಳಿಸಿಬಿಡುತ್ತಿದ್ದ. ಆದರೆ ದೆವ್ವ ಅಂದರೆ ಸಾಕು, ಕೈಕಾಲು ತಣ್ಣಗಾಗುವ ಪ್ರಾಣಿ. ವಿಜ್ಞಾನದ ಸಂಸ್ಥೆಯಲ್ಲಿ ಸಂಬಳ ತಗೊಂಡು ದೆವ್ವಕ್ಕೆ ಹೆದರುತ್ತೀಯಲ್ಲೋ ಮಾರಾಯ ಎಂದರೆ, "ಸಂಬಳ ಬೇರೆ, ದೆವ್ವ ಬೇರೆ ಮೇಡಂ" ಅನ್ನುತ್ತಿದ್ದ.

ತೋಟದ ಮನೆಯಲ್ಲಿ ಇದ್ದದ್ದು ಇಬ್ಬರು ಹೆಂಗಸರು, ಒಂದು ಮೊಲೆಗೂಸು. ಮನೆಯ ಯಜಮಾನಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು; ಇದ್ದೊಬ್ಬ ಮಗ ಹಿಂದಿನ ಬೇಸಿಗೆಯಲ್ಲಿ ಹೋಗಿದ್ದ. ಇನ್ನೊಬ್ಬಳು ಆ ಮಗನ ಹೆಂಡತಿ, ಹುಳಿಯಾರಿನ ಕಡೆಯ ಹುಡುಗಿ. ಗಂಡ ಸತ್ತ ಮೇಲೆ ಹುಟ್ಟಿದ ಮಗುವನ್ನು ಸೊಂಟದಿಂದ ಇಳಿಸದೆ ಮನೆಗೆಲಸವೆಲ್ಲ ಮಾಡುತ್ತಿದ್ದಳು. ಪಕ್ಕದ ಮನೆಯಲ್ಲಿ ಯಜಮಾನಿಯ ಭಾವ ಇದ್ದರು, ಅಂದರೆ ಗಂಡನ ಅಣ್ಣ. ಎರಡು ಮನೆಗೂ ಅವರೇ ಹಿರಿಯರು. ಎಲ್ಲರೂ ಅವರನ್ನು ದೊಡ್ಡೋರು ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಒಳ್ಳೆಯ ಮನುಷ್ಯ, ಕಡಿಮೆ ಮಾತು. ನಮಗೆ ತೋಟ ತೋರಿಸುವಾಗ, "ಎಲ್ಲಿ ಬೇಕಾದ್ರೂ ನಿಮ್ಮ ಸಾಮಾನು ಇಟ್ಕೊಳ್ಳಿ ತಾಯಿ. ಆ ಬಾವಿ ಹತ್ರ ಒಂದು ಹೋಗ್ಬ್ಯಾಡಿ" ಎಂದರು. ಯಾಕೆ ಎಂದು ನಾನು ಕೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು ಮುಂದಕ್ಕೆ ಹೋದರು.

ಆ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ನನಗೆ ಕೊಟ್ಟಿದ್ದ ಕೋಣೆಯ ನೆತ್ತಿಯ ಮೇಲೆ ಅಂಥ ಅಟ್ಟ. ಇಲಿ ಓಡಿದರೂ ಸಾಕು, ಯಾವುದೋ ಕಾಯಿ ಹೊರಳಿ ಒಳಗಿನ ಕೊಬ್ಬರಿ ಲೊಡಕ್ ಅನ್ನುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಉತ್ತರ ಕೊಟ್ಟ ಹಾಗೆ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಲೊಡಕ್. ಹಗಲು ಊಟಕ್ಕೆ ಕೂತಾಗಲೂ ಅದೇ. ಆ ಮನೆಯವರು ತಲೆ ಎತ್ತುತ್ತಲೂ ಇರಲಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಎದೆ ಧಸಕ್ ಅನ್ನುತ್ತಿತ್ತು, ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಲೇಸರನ್ನು ತೋಟದ ಪಂಪಿನ ಮನೆಯಲ್ಲಿ ಇಟ್ಟೆವು. ಕನ್ನಡಿಯನ್ನು ಆಚೆ ತುದಿಯಲ್ಲಿ, ಹೊಲ ಶುರುವಾಗುವ ಬದುವಿನ ಮೇಲೆ ನೆಟ್ಟೆವು. ಚಿನ್ನದ ಲೇಪದ ಮೂರು ಕನ್ನಡಿಗಳನ್ನು ಮೂಲೆಯ ಹಾಗೆ ಜೋಡಿಸಿದ್ದು ಅದು. ಬೆಳಕು ಎತ್ತಲಿಂದ ಬಂದರೂ ಬಂದ ದಾರಿಯಲ್ಲೇ ತಿರುಗಿಸುತ್ತದೆ. ನೇರ ದಾರಿ ಒಂದೇ ಒಂದು ಇತ್ತು, ಉಳಿದ ಕಡೆಯೆಲ್ಲ ಮರಗಳು ಅಡ್ಡ. ಆ ದಾರಿ ದೊಡ್ಡೋರು ಬೇಡವೆಂದ ಬಾವಿಯ ಬಾಯಿಯ ಮೇಲೇ ಹಾದುಹೋಗುತ್ತಿತ್ತು, ಕಟ್ಟೆಯಿಂದ ಒಂದು ಗೇಣು ಎತ್ತರದಲ್ಲಿ. ನಾವೇನೂ ಬಾವಿಯ ಹತ್ತಿರ ಹೋಗುತ್ತಿರಲಿಲ್ಲ, ಬೆಳಕು ಹೋಗುತ್ತಿತ್ತು ಅಷ್ಟೇ. ಲೇಸರಿನ ಬಾಯಿಗೆ ಒಂದು ಕಾಗದ ಹಿಡಿದರೆ ಏನೂ ಕಾಣದೆ ಇದ್ದಕ್ಕಿದ್ದಂತೆ ಕಂದು ಚುಕ್ಕೆ ಬಿದ್ದು ಹೊಗೆ ಏಳುತ್ತಿತ್ತು. ಅದನ್ನು ನೋಡಿದ ಯಜಮಾನಿ ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ ಶಿವನೇ, ಯಾರೂ ಇಲ್ದೆ ಸುಡ್ತದಲ್ಲವ್ವ!" ಎಂದರು.

ವಾಪಸು ಬಂದ ಬೆಳಕಿನ ಲೆಕ್ಕವನ್ನು ಒಂದು ಪೆನ್ನು ತಾನೇ ಬರೆಯುತ್ತಿತ್ತು. ಕಾಗದದ ಸುರುಳಿ ನಿಧಾನವಾಗಿ ಸರಿಯುತ್ತದೆ, ಪೆನ್ನು ಗೆರೆ ಎಳೆಯುತ್ತದೆ. ಬೆಳಕು ಪೂರ್ತಿ ಬಂದರೆ ಗೆರೆ ಮೇಲೆ, ಯಾರಾದರೂ ನುಂಗಿದರೆ ಗೆರೆ ಕೆಳಗೆ. ಬೆಳಗಿನ ಹೊತ್ತು ಗೆರೆ ನೆಟ್ಟಗೆ ಹೋಗುತ್ತಿತ್ತು. ಮಧ್ಯಾಹ್ನದ ಊಟ ಮುಗಿದು, ಕಾಗೆ ಕೂಡ ಕೂಗದ ಹೊತ್ತು ಬರುತ್ತದಲ್ಲ, ಆಗ ಪೆನ್ನು ಬಗ್ಗುತ್ತಿತ್ತು. ಧಡಕ್ಕನೆ ಅಲ್ಲ. ಯಾರೋ ಬಂದು ಬೆಳಕಿನ ದಾರಿಯಲ್ಲಿ ಮೆಲ್ಲಗೆ ನಿಂತುಕೊಂಡಂತೆ ಕೆಳಗಿಳಿದು, ಸಂಜೆಯ ತನಕ ಅಲ್ಲೇ ಇದ್ದು, ಮತ್ತೆ ಮೆಲ್ಲಗೆ ಏರುತ್ತಿತ್ತು. ಹೊರಗೆ ಹೋಗಿ ನೋಡಿದರೆ ಯಾರೂ ಇಲ್ಲ. ತೆಂಗಿನ ಗರಿಗಳು ಕೂಡ ಅಲ್ಲಾಡದೆ ನಿಂತಿರುತ್ತಿದ್ದವು. ಕನ್ನಡಿ ಒರೆಸಿದೆ, ಲೇಸರ್ ಬಿಚ್ಚಿ ಜೋಡಿಸಿದೆ, ಟೆಕ್ನಿಷಿಯನ್‌ನನ್ನು ಸುಮ್ಮಸುಮ್ಮನೆ ಬೈದೆ. ಮರುದಿನವೂ ಅದೇ ಹೊತ್ತಿಗೆ ಪೆನ್ನು ಬಗ್ಗಿತು. ಅದರ ಮರುದಿನವೂ ಬಗ್ಗಿತು.

ಯಜಮಾನಿ ಮಧ್ಯಾಹ್ನದ ಹೊತ್ತು ಪಂಪಿನ ಮನೆಯ ಬಾಗಿಲಲ್ಲಿ ಕೂತು, ಒಣ ಗರಿಯಿಂದ ಪೊರಕೆಕಡ್ಡಿ ಸೀಳುತ್ತಿದ್ದರು. ನಾನು ಮೊದಲು ಗಮನಿಸಿರಲಿಲ್ಲ. ಒಂದು ದಿನ ಪೆನ್ನು ಬಗ್ಗುತ್ತಿದ್ದಂತೆ ಅವರ ಕುಡುಗೋಲು ನಿಂತಿತು.

"ಬಂದ ಕಣವ್ವ" ಎಂದರು, ನೆಂಟರು ಬಂದರು ಅನ್ನುವ ಹಾಗೆ.

"ಯಾರು ಬಂದ್ರು ಅಮ್ಮ?"

"ನನ್ನ ಮಗ. ಅವನು ಹೋಗಿದ್ದು ಇದೇ ಹೊತ್ನಾಗೆ. ಬಾವಿ ಕಟ್ಟೆ ಮ್ಯಾಲೆ ಕುಂತವ್ನೆ ನೋಡು, ನಿನ್ನ ಬೆಳಕಿಗೆ ಅಡ್ಡ."

ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿದರೆ ಟೆಕ್ನಿಷಿಯನ್ ಕೈಯಿಂದ ಸ್ಪ್ಯಾನರ್ ಬಿದ್ದಿತ್ತು, ಅವನಾಗಲೇ ವ್ಯಾನಿನ ಹತ್ತಿರ ಇದ್ದ. ಯಜಮಾನಿ ಮಾತ್ರ ಆ ಗೆರೆಯನ್ನು ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡುವಂತೆ ನೋಡುತ್ತಿದ್ದರು. ಅಷ್ಟು ಪ್ರೀತಿಯ ಮುಖ ಎದುರಿಗಿರುವಾಗ, ಅದು ನಿಮ್ಮ ಮಗನಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ಅವತ್ತು ಸಂಜೆ ಸೊಸೆ ನನಗೆ ಕಾಫಿ ತಂದುಕೊಟ್ಟು, ಲೋಟ ವಾಪಸು ತೆಗೆದುಕೊಳ್ಳದೆ ನಿಂತಳು. ಏನಮ್ಮ ಎಂದೆ. ಕಟ್ಟೆ ಒಡೆದಂತೆ ಎಲ್ಲ ಹೇಳಿದಳು.

ಹಿಂದಿನ ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯುವ ಕೆಲಸ ಹಿಡಿದಿದ್ದರು. ಬೆಳಗ್ಗೆ ಗಂಗೆಪೂಜೆ ಮಾಡಿ, ಅವಳ ಗಂಡ ಇಳಿದು, ಮಧ್ಯಾಹ್ನದವರೆಗೆ ಕೆಲಸ ಮಾಡಿ, ಊಟಕ್ಕೆ ಮೇಲೆ ಬಂದಿದ್ದ. ಊಟದ ಮೇಲೆ ಮತ್ತೆ ಇಳಿದವನು ಬಾವಿಯ ಅರ್ಧ ಆಳದಲ್ಲಿ ಪಂಪು ಕೂರಿಸಲು ಹಾಕಿದ್ದ ಹಾಸುಗಲ್ಲು ದಾಟುತ್ತಿದ್ದಂತೆ ಸದ್ದಿಲ್ಲದೆ ಕುಸಿದ. ಅವನನ್ನು ಎತ್ತಲು ಇಳಿದ ಆಳು ಅರ್ಧದಲ್ಲೇ ತಡವರಿಸಿ ಮೇಲೆ ಬಂದು, ಎದೆಯ ಮೇಲೆ ಯಾರೋ ಹೆಂಗಸು ಕೂತು ಅದುಮಿದಂತಾಯಿತು ಎಂದ. ಸಾಕಲ್ಲ! ಈ ಹುಡುಗಿಯ ತಂಗಿಯೊಬ್ಬಳು ತವರಲ್ಲಿ ನೀರು ಸೇದುವಾಗ ಕಾಲು ಜಾರಿ ಬಾವಿಗೆ ಬಿದ್ದು ಸತ್ತಿದ್ದಳಂತೆ. ಆ ತಂಗಿಯೇ ಅಕ್ಕನ ಹಿಂದೆ ಬಂದು ಈ ಬಾವಿಯಲ್ಲಿ ಸೇರಿಕೊಂಡಿದ್ದಾಳೆ, ಭಾವನನ್ನು ಎಳೆದುಕೊಂಡಳು ಎಂದು ಊರು ತೀರ್ಮಾನಿಸಿತು. ಅವತ್ತಿನಿಂದ ಕಾಯಿ ಕೀಳುವವರು ಕೂಡ ಆ ಬಾವಿಯ ಸುತ್ತಲಿನ ಮರ ಹತ್ತುತ್ತಿರಲಿಲ್ಲ.

"ಕೆಟ್ಟ ಗಾಳಿ ಇತ್ತೇನೋ ಅಂತ ಯಾರೂ ಅನ್ನಲಿಲ್ವಾ?" ಎಂದು ಕೇಳಿದೆ.

"ಅದೆಂಗೆ ಅಂತಾರಕ್ಕಾ? ಇಳಿಯೋ ಮುಂಚೆ ದೀಪ ಇಳಿಸ್ತಾರೆ. ದೀಪ ಆರಿದ್ರೆ ಇಳಿಯಂಗಿಲ್ಲ. ಬೆಳಗ್ಗೇನೂ ಇಳಿಸಿದ್ರು, ಊಟ ಆದ್ಮೇಲೂ ಇಳಿಸಿದ್ರು. ಎರಡು ಸಲೀನೂ ಉರೀತಿತ್ತು. ನಮ್ಮತ್ತೇನೇ ಇಳಿಸಿದ್ದು, ಈ ಮನೇಲಿ ಅದು ಹಿರೇ ಹೆಂಗಸಿನ ಕೆಲ್ಸ. ದೀಪ ಉರೀತಿದ್ದ ಬಾವೀಲಿ ಜೀವ ಹೋಯ್ತು ಅಂದ್ರೆ ಇನ್ನೇನು ಅಂತಾರೆ?" ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. "ಬರೋ ಸೋಮವಾರ ನಮ್ಮಪ್ಪ ಬತ್ತಾರೆ. ನನ್ನ ತವರಿಗೆ ಕಳಿಸ್ತಾರಂತೆ. ನಾನು ಈ ಮನೆ ಬಿಡೋ ತನಕ ಅವಳು ಬಾವಿ ಬಿಡಲ್ಲ ಅಂತಾರೆ ದೊಡ್ಡಮಾವ. ಮಗು ಮಾತ್ರ ಇಲ್ಲೇ ಇರ್ಬೇಕಂತೆ, ಈ ವಂಶದ್ದು ಅಂತ."

"ಇನ್ನೂ ಹಾಲು ಕುಡಿಯೋ ಕೂಸು!"

"ಹಸಿನ ಹಾಲು ಹಾಕಿ ಸಾಕ್ತಾರಂತೆ." ಮಗುವಿನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಅಕ್ಕಾ, ನಿಮ್ಮ ಬೆಳಕು ಕಣ್ಣಿಗೆ ಕಾಣದ್ದನ್ನ ಕಂಡುಹಿಡಿಯುತ್ತಂತಲ್ಲ. ಬಾವಿಯೊಳಕ್ಕೆ ಬಿಟ್ಟು ನೋಡ್ತೀರಾ? ನನ್ನ ತಂಗಿ ಅಲ್ಲಿದ್ದಾಳೋ ಇಲ್ವೋ ಹೇಳಿಬಿಡಿ. ಇದ್ರೆ ನಾನೇ ಹೋಗ್ತೀನಿ. ನನಗೂ ಒಂದೊಂದ್ಸಲ ಅವಳೇ ಇರ್ಬೋದು ಅನ್ಸುತ್ತೆ."

ಆ ಕೊನೆಯ ಮಾತು ನನ್ನನ್ನು ಅಲ್ಲಾಡಿಸಿತು. ಸತ್ತ ತಂಗಿಯ ಮೇಲೆ ಅನುಮಾನ ಹೊತ್ತುಕೊಂಡು ಅವಳು ವರ್ಷ ಕಳೆದಿದ್ದಳು. ನೋಡೋಣ ಬಿಡಮ್ಮ ಎಂದೆ. ಪ್ರಯೋಗದ ಪರವಾನಗಿ, ಗುರುಗಳ ಸೂಚನೆ ಎಲ್ಲ ಹಾಳಾಗಿ ಹೋಗಲಿ ಅನ್ನಿಸಿತು.

ದಿನಾ ಮಧ್ಯಾಹ್ನ ಯಾಕೆ ಬಗ್ಗುತ್ತದೆ ಎನ್ನುವುದು ನನಗೆ ಹೊಳೆದದ್ದು ವಾಯುಭಾರದ ಮಾಪಕ ನೋಡಿದಾಗ. ನಮ್ಮ ಸೀಮೆಯಲ್ಲಿ ಬೆಳಗಿನ ಹೊತ್ತು ಗಾಳಿಯ ಭಾರ ಏರುತ್ತದೆ, ಮಧ್ಯಾಹ್ನ ಕಳೆದ ಮೇಲೆ ಇಳಿಯುತ್ತದೆ, ದಿನಾ ತಪ್ಪದೆ. ಭಾರ ಏರಿದಾಗ ಹೊರಗಿನ ಗಾಳಿ ಬಾವಿಯೊಳಕ್ಕೆ, ಬಾವಿಯಿಂದ ಕಲ್ಲಿನ ಬಿರುಕುಗಳೊಳಕ್ಕೆ ನುಗ್ಗುತ್ತದೆ. ಇಳಿದಾಗ ಬಿರುಕಿನಲ್ಲಿ ಕೂತಿದ್ದ, ಕಾರ್ಬನ್ ಡೈಆಕ್ಸೈಡ್ ತುಂಬಿದ ಮಣ್ಣಿನ ಗಾಳಿ ಹೊರಕ್ಕೆ ಬರುತ್ತದೆ. ಸರಳವಾಗಿ ಹೇಳಿದರೆ ಬಾವಿ ದಿನಾ ಉಸಿರಾಡುತ್ತದೆ. ಇದನ್ನು ಟೆಕ್ನಿಷಿಯನ್‌ಗೆ ವಿವರಿಸಿದೆ, ಸಮಾಧಾನವಾಗಲಿ ಅಂತ. ಅವನ ಮುಖ ಇನ್ನೂ ಬಿಳಿಚಿತು.

ಭಾನುವಾರ ಬೆಳಗ್ಗೆ ದೊಡ್ಡೋರಿಗೆ ಹೇಳಿಯೇ ಕೆಲಸ ಶುರು ಮಾಡಿದೆ. ಅವರು ಬೇಡ ಎಂದರು, ನಾನು ಮಾಡುತ್ತೇನೆ ಎಂದೆ. ನನ್ನ ದನಿಯಲ್ಲಿ ಏನಿತ್ತೋ, ಅವರು ಜಗಲಿಯ ಮೇಲೆ ಹೋಗಿ ಕೂತರು. ಬಾವಿಗೆ ಅಡ್ಡಲಾಗಿ ಹಲಗೆ ಹಾಕಿ, ಬೆಳಕನ್ನು ಕೆಳಕ್ಕೆ ತಿರುಗಿಸುವಂತೆ ಒಂದು ಕನ್ನಡಿ ಓರೆಯಾಗಿ ಕೂರಿಸಿದೆ. ಬದುವಿನ ಮೇಲಿದ್ದ ಮೂಲೆಗನ್ನಡಿಯನ್ನು ತಂದು ಮಣೆಗೆ ಕಟ್ಟಿ, ನಾಲ್ಕು ಮೂಲೆಗೂ ತೆಂಗಿನ ನಾರಿನ ಹಗ್ಗ ಬಿಗಿದೆ. ಹಗ್ಗ ಹಿಡಿಯಪ್ಪಾ ಎಂದರೆ ಟೆಕ್ನಿಷಿಯನ್, "ಪೆನ್ನು ನೋಡ್ಕೊತೀನಿ ಮೇಡಂ" ಎಂದು ಪಂಪಿನ ಮನೆ ಹೊಕ್ಕ. ಸೊಸೆ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಕಟ್ಟೆಗೆ ಬಂದಳು. ಗಂಡ ಸತ್ತ ಮೇಲೆ ಅವಳು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡಳು.

ಬೆಳಗ್ಗೆ ಕನ್ನಡಿ ಹಾಸುಗಲ್ಲು ದಾಟಿ ತಳದ ನೀರಿನ ತನಕ ಹೋದರೂ ಬೆಳಕು ಹೆಚ್ಚುಕಡಿಮೆ ಪೂರ್ತಿ ವಾಪಸು ಬಂತು. ಬಾವಿಯಲ್ಲಿ ಏನೂ ಇರಲಿಲ್ಲ.

ಮಧ್ಯಾಹ್ನ ಊಟ ಯಾರಿಗೂ ಸೇರಲಿಲ್ಲ. ಬಿಸಿಲು ಇಳಿಮುಖವಾದಾಗ ಮತ್ತೆ ಕಟ್ಟೆಗೆ ಹೋದೆವು. ತೋಟ ಎಷ್ಟು ಸ್ತಬ್ಧವಾಗಿತ್ತೆಂದರೆ ಮಗು ಚೀಪುವ ಸದ್ದು ಜಗಲಿಯಿಂದ ಕೇಳುತ್ತಿತ್ತು. ಹಲಗೆಯ ಅಂಚಿಗೆ ಸಿಕ್ಕಿಕೊಂಡಿದ್ದ ಒಂದು ನಾರಿನ ಎಳೆಯ ಮೇಲೆ ನನ್ನ ಕಣ್ಣು ಬಿತ್ತು. ಗಾಳಿಯೇ ಇಲ್ಲದ ಹೊತ್ತಲ್ಲಿ ಅದು ಮೇಲಕ್ಕೆದ್ದು ನಿಂತು, ತುದಿ ಅಲ್ಲಾಡಿಸುತ್ತಿತ್ತು. ಕಲ್ಲುಗಳ ಸಂದಿನಿಂದ ಹುಸ್ಸ್ ಎನ್ನುವ ಸದ್ದು, ತುಂಬ ಮೆಲ್ಲಗೆ, ಒಂದೇ ಸಮನೆ. ಕಾರಣ ಗೊತ್ತಿದ್ದೂ ನನ್ನ ತೋಳಿನ ರೋಮ ನಿಮಿರಿತು. ಸೊಸೆ ಬಾವಿಯೊಳಕ್ಕೆ ಬಗ್ಗಿ ತನ್ನ ತಂಗಿಯ ಹೆಸರನ್ನು ಒಂದೇ ಸಲ ಕರೆದಳು. ಉತ್ತರ ಬರಲಿಲ್ಲ. ಬಾವಿ ಉಸಿರು ಬಿಡುತ್ತಲೇ ಇತ್ತು.

"ಇಳಿಸಮ್ಮ" ಎಂದೆ.

ಕನ್ನಡಿ ಇಳಿಯಿತು. ಟೆಕ್ನಿಷಿಯನ್ ಪಂಪಿನ ಮನೆಯಿಂದ ಕೂಗಿ ಹೇಳುತ್ತಿದ್ದ: "ಸರಿಯಾಗಿದೆ... ಸರಿಯಾಗಿದೆ... ಇಳೀತಾ ಇದೆ ಮೇಡಂ." ಕನ್ನಡಿ ಹಾಸುಗಲ್ಲಿನ ಹತ್ತಿರ ಬಂತು. "ಅಯ್ಯಯ್ಯೋ, ಬೀಳ್ತಾ ಇದೆ! ಅರ್ಧಕ್ಕೆ ಬಂತು!" ಮೇಲಕ್ಕೆಳೆಸಿದೆ, ಪೆನ್ನು ಏರಿತು. ಮತ್ತೆ ಇಳಿಸಿದೆ, ಬಿತ್ತು. ಬೆಳಗ್ಗೆ ಪೂರ್ತಿ ಬಂದ ಬೆಳಕಿನಲ್ಲಿ ಈಗ ಅರ್ಧವನ್ನು ಆ ಕತ್ತಲೆ ತಿನ್ನುತ್ತಿತ್ತು. ಸೊಪ್ಪಿನ ಕಂತೆಯೊಂದನ್ನು ಹಗ್ಗಕ್ಕೆ ಕಟ್ಟಿ, ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿಸಿದೆ. ಪೆನ್ನು ಸ್ವಲ್ಪ ಏರಿ, ಕಲಕುವುದು ನಿಂತ ಮೇಲೆ ಮತ್ತೆ ಬಗ್ಗಿತು. ನೀರಾವಿಯಾಗಿದ್ದರೆ ಬೆಳಗ್ಗೆಯೂ ಹೀಗೇ ಬಗ್ಗಬೇಕಿತ್ತು; ಇನ್ನು ಅನುಮಾನವಿರಲಿಲ್ಲ. ಕಾರ್ಬನ್ ಡೈಆಕ್ಸೈಡು ನೆಲದ ಬಿರುಕಿನಿಂದ ಬಂದು ಬಾವಿಯಲ್ಲಿ ತುಂಬಿಕೊಳ್ಳುತ್ತಿತ್ತು, ಬೆಳಗ್ಗೆ ಇಲ್ಲ, ಮಧ್ಯಾಹ್ನ ಇದೆ. ಸೊಸೆಯ ಕಡೆ ತಿರುಗಿ, "ನಿನ್ನ ತಂಗಿ ಇಲ್ಲಿಲ್ಲ ಕಣೇ" ಎಂದೆ. ಅವಳು ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಕಣ್ಣು ತುಂಬಿತು. ಗೆದ್ದೆವು ಅಂದುಕೊಂಡೆ.

ಕಾಗದದ ಸುರುಳಿಯನ್ನು ಹಿಡಿದುಕೊಂಡು ಜಗಲಿಗೆ ಹೋಗಿ, ದೊಡ್ಡೋರಿಗೆ ಎಲ್ಲ ವಿವರಿಸಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಪಕ್ಕದಲ್ಲಿ ಯಜಮಾನಿ ಮಗುವನ್ನು ತಟ್ಟುತ್ತಾ ಕೂತಿದ್ದರು.

"ತಾಯಿ, ನೀವು ಓದಿದೋರು. ನಿಮ್ಮ ಮಾತು ಸುಳ್ಳು ಅನ್ನಲ್ಲ" ಎಂದರು ದೊಡ್ಡೋರು ಕೊನೆಗೆ. "ಇವತ್ತು ಬಾವೀಲಿ ಕೆಟ್ಟ ಗಾಳಿ ಐತೆ, ಸರಿ. ಅವತ್ತು ಇತ್ತು ಅಂತ ಹೆಂಗೆ ಹೇಳ್ತೀರಿ? ಕೆಟ್ಟ ಗಾಳೀಲಿ ದೀಪ ಉರಿಯುತ್ತಾ?"

"ಇಷ್ಟು ಕೆಟ್ಟ ಗಾಳಿ ಇದ್ದರೆ ಉರಿಯಲ್ಲ" ಎಂದೆ. ಬೇರೇನು ಹೇಳಲಿ?

"ಅಷ್ಟೇ ಕಣಮ್ಮ. ಅವತ್ತ್ ಮಧ್ಯಾಹ್ನ ಉರೀತಾ ಇದ್ದ ದೀಪ ಮ್ಯಾಲೆ ಬಂದಿದ್ದು ನಾನು ಈ ಕಣ್ಣಲ್ಲಿ ನೋಡಿವ್ನಿ. ಗಾಳಿ ಇರ್ಲಿಲ್ಲ. ಇನ್ನೊಂದಿತ್ತು. ಈ ಹೆಣ್ಣುಮಗಳ ಮ್ಯಾಲೆ ನನಗೇನು ಹಗೆ ಇಲ್ಲ, ಈ ಮನೇಲಿ ಇನ್ನೊಂದು ಹೆಣ ಬೀಳಬಾರ್ದು ಅಷ್ಟೇ. ನಾಳೆ ಇವಳಪ್ಪ ಬತ್ತಾನೆ, ಹೋಗ್ಲಿ. ಸುಮ್ನೆ ಬುಟ್ಟುಬುಡಿ."

ಸಿಟ್ಟು ಉಕ್ಕಿ ಬಂತು, ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ? ಆ ಮುದುಕ ಹೇಳಿದ್ದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ದೀಪ ಉರಿದಿದ್ದರೆ ನನ್ನ ಲೇಸರು, ನನ್ನ ಪೆನ್ನು, ನನ್ನ ಓದು ಯಾವುದೂ ಆ ಮಧ್ಯಾಹ್ನಕ್ಕೆ ಸಾಕ್ಷಿಯಾಗುವುದಿಲ್ಲ. ಸೊಸೆ ಬಂದು ಅತ್ತೆಯ ಮಡಿಲಿನಿಂದ ಮಗುವನ್ನು ತೆಗೆದುಕೊಂಡಳು. ಆಗ ಯಜಮಾನಿಯ ಕೈಗಳು ಖಾಲಿಯಾದವು.

"ಭಾವ" ಎಂದರು ಅವರು. "ದೀಪ ಉರೀಲಿಲ್ಲ."

"ಏನಂದೆ?"

"ಬೆಳಗ್ಗೆ ಉರೀತು. ಊಟ ಆದ್ಮೇಲೆ ಇಳಿಸಿದ್ದು ಉರೀಲಿಲ್ಲ. ಹಾಸುಗಲ್ಲಿನ ಹತ್ರ ಹೋಗಿತ್ತು, ಯಾರೋ ಊದಿದಂಗೆ ಆರೋಯ್ತು. ನಾನು ನಿಮಗೆಲ್ಲ ಬೆನ್ನು ಮಾಡ್ಕೊಂಡು ಬಗ್ಗಿದ್ದೆ. ಮ್ಯಾಲಕ್ಕೆ ಎಳ್ಕೊಂಡು, ಸೆರಗು ಮರೆ ಮಾಡಿ, ಇಳಿಸೋ ಮುಂಚೆ ಕಟ್ಟೆ ಮ್ಯಾಲೆ ಹಚ್ಚಿದ್ದ ಕರ್ಪೂರ ಇನ್ನೂ ಉರೀತಿತ್ತು, ಅದ್ರಿಂದ ಮತ್ತೆ ಹತ್ತಿಸ್ದೆ. ತಿರುಗಿ ನಿಮಗೆ ತೋರಿಸ್ದೆ. ಇಳಿಯಪ್ಪಾ ಅಂತ ನನ್ನ ಮಗನಿಗೆ ನಾನೇ ಹೇಳ್ದೆ."

ದೊಡ್ಡೋರು ಜಗಲಿಯ ಕಂಬ ಹಿಡಿದುಕೊಂಡರು. "ಯಾಕೆ? ಯಾಕೆ ಹಂಗೆ ಮಾಡ್ದೆ?"

"ಆ ದೀಪ ಹಚ್ಚಿದ್ದು ಇವಳ ಹೆಸರಲ್ಲಿ. ಬಸುರಿ ಹೆಸರಿನ ದೀಪ ಗಂಗೆ ಮುಂದೆ ಆರೋಯ್ತು ಅಂದ್ರೆ ನೀವೆಲ್ಲ ಏನಂತಿದ್ರಿ? ಆಗ್ಲೇ ಊರೆಲ್ಲ ಇವಳ ತಂಗಿ ಸುದ್ದಿ, ಇವಳ ಕಾಲ್ಗುಣ ಅಂತ ಆಡ್ಕೊತಿತ್ತು. ನಾನು ಅಪಶಕುನ ಅಂದ್ಕೊಂಡ್ನೇ ಹೊರತು ಗಾಳಿ ಅಂತ ಅಂದ್ಕೊಳ್ಳಲೇ ಇಲ್ಲ ಭಾವ. ಅಪಶಕುನಾನ ಮುಚ್ಚಿಟ್ರೆ ಹುಡುಗಿ ಉಳ್ಕೊತಾಳೆ ಅಂದ್ಕೊಂಡೆ. ಆಮೇಲೆ ನೀವು ದೆವ್ವ ಅಂದ್ರಿ. ಅದೇ ನನಗೂ ಒಳ್ಳೇದಾಯ್ತು. ದೆವ್ವ ಕೊಂದಿದ್ರೆ ನಾನು ಕೊಂದಂಗಲ್ಲವಲ್ಲ."

ಕಣ್ಣೀರು ಒಂದು ಹನಿ ಇರಲಿಲ್ಲ. ಸಂತೆಯಲ್ಲಿ ಏನೋ ಮರೆತು ಬಂದವರ ಹಾಗೆ ತಮ್ಮ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದರು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಮೇಲೆ ಅಟ್ಟದಲ್ಲಿ ಒಂದು ಕಾಯಿಯೂ ಹೊರಳಲಿಲ್ಲ.

ಮರುದಿನ ನಾವು ಸಾಮಾನು ಕಟ್ಟುತ್ತಿದ್ದಾಗ ಹುಳಿಯಾರಿನ ಬಸ್ಸಿನಲ್ಲಿ ಅವಳ ಅಪ್ಪ ಬಂದ. ಮಾತೆಲ್ಲ ಆಗಲೇ ಊರಿಗೆ ಹರಡಿತ್ತು. ದೊಡ್ಡೋರು ಅವನೆದುರು ತಲೆ ಎತ್ತಲಿಲ್ಲ. "ನಮ್ಮಿಂದ ತಪ್ಪಾಯ್ತಪ್ಪ. ಅವಳು ಇರ್ತೀನಿ ಅಂದ್ರೆ ಇರ್ಲಿ, ಹೋಗ್ತೀನಿ ಅಂದ್ರೆ ಮಗೂನೂ ಕರ್ಕೊಂಡೇ ಹೋಗ್ಲಿ" ಎಂದರು. ಅಪ್ಪ ಮಗಳ ಟ್ರಂಕನ್ನು ತಾನೇ ಎತ್ತಿ ಅಂಗಳಕ್ಕೆ ತಂದಿಟ್ಟ. "ನಡಿಯವ್ವ. ನಿನ್ನ ಗಂಡನ್ನ ಕೊಂದೋಳ ಜೊತೆ ಒಂದ್ಗಳಿಗೆ ಇರಬ್ಯಾಡ" ಎಂದ. ಮೂರು ದಿನದ ಹಿಂದೆ ದೊಡ್ಡೋರು ಹೀಗೆ ಅಂದಿದ್ದರೆ ಅವಳು ಮಗುವನ್ನೆತ್ತಿಕೊಂಡು ಓಡಿಬಿಡುತ್ತಿದ್ದಳು. ಈಗ ಟ್ರಂಕನ್ನು ನೋಡುತ್ತಾ ನಿಂತಳು.

ನಾನು ಹತ್ತಿರ ಹೋಗಿ, ಮೆಲ್ಲಗೆ, "ಹೋಗಮ್ಮ. ನಿನ್ನನ್ನು ಈಗ ಯಾರೂ ತಡೆಯಲ್ಲ" ಎಂದೆ.

ಅವಳು ಒಳಗೆ ನೋಡಿದಳು. ಅತ್ತೆ ಅಡುಗೆಮನೆಯ ಗೋಡೆಗೆ ಮುಖ ಮಾಡಿಕೊಂಡು ಕೂತಿದ್ದರು. ರಾತ್ರಿಯಿಂದ ಹಾಗೇ ಕೂತಿದ್ದಾರಂತೆ, ತೊಟ್ಟು ನೀರು ಮುಟ್ಟಿಲ್ಲವಂತೆ. ಒಲೆ ಹಚ್ಚಿದ್ದು, ಎಲ್ಲರಿಗೂ ಮುದ್ದೆ ಮಾಡಿದ್ದು ಸೊಸೆಯೇ. ಅವರ ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ ಹಾಗೇ ಇತ್ತು.

"ನೀನು ಹೋಗಪ್ಪ" ಎಂದಳು ಅಪ್ಪನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಕ್ಷಮೆಯೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ, ಬರೀ ಸುಸ್ತು.

"ನಾನು ಹೆಂಗೆ ಹೋಗ್ಲಿ ಅಕ್ಕಾ? ನಾನು ಬಸ್ ಹತ್ತಿದ್ರೆ, ಬಸ್ಸು ಹುಳಿಯಾರು ಮುಟ್ಟೋ ಹೊತ್ತಿಗೆ ಅವರು ಬಾವೀಲಿರ್ತಾರೆ."